ಮೂರನೇ ಪಂಪಿನ ಎರಡನೇ ಮಗ್ಗುಲು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹೇಳುವುದು ನನ್ನ ಕಸುಬಲ್ಲ, ಕೇಳುವುದು ನನ್ನ ಕಸುಬು. ಕೇಳಿಸಿಕೊಂಡು ಸಂಬಳ ತೆಗೆದುಕೊಳ್ಳುವವನು ಹೇಳಲು ಕೂತರೆ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿಯುವುದಿಲ್ಲ ಎಂದು ನನ್ನಾಕೆ ಎಚ್ಚರಿಸಿದ್ದಾಳೆ. ಅಲ್ಲದೆ ಇದರಲ್ಲಿ ನಾನು ಹೇಳಿದ ಒಂದು ಸುಳ್ಳೂ ಇದೆ. ಅದನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳುವುದು ಸರಿಯೇ ಎಂದು ಮೂರು ಸಲ ಯೋಚಿಸಿದೆ. ಮೂರು ಸಲವೂ ಬೇರೆ ಬೇರೆ ಉತ್ತರ ಬಂದದ್ದರಿಂದ ಬರೆಯಲು ಕೂತಿದ್ದೇನೆ. ತಪ್ಪಿದ್ದರೆ ಓದುಗರು ತಿದ್ದಿಕೊಳ್ಳಬೇಕು.

ನಾನು ನೀರು ಸರಬರಾಜು ಇಲಾಖೆಯ ಪಂಪ್‌ಹೌಸಿನಲ್ಲಿ ಶಬ್ದ ಪರೀಕ್ಷಕ. ಹೀಗೊಂದು ಹುದ್ದೆ ಇದೆಯೇ ಎಂದು ಅನೇಕರು ಕೇಳುತ್ತಾರೆ. ನನ್ನ ಅತ್ತೆಯವರು ಮಗಳನ್ನು ಕೊಡುವ ಮುಂಚೆ ಕೇಳಿದ್ದರು. ಇದೆ. ನನ್ನ ಬಳಿ ಒಂದು ಮೊಳ ಉದ್ದದ ಕಬ್ಬಿಣದ ಸಲಾಕೆ ಇದೆ. ಬೆಳಿಗ್ಗೆ ಪಂಪು ತಿರುಗುತ್ತಿರುವಾಗ ಸಲಾಕೆಯ ಒಂದು ತುದಿಯನ್ನು ಬೇರಿಂಗಿನ ಪೆಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ನನ್ನ ಕಿವಿಯ ಹಿಂದಿನ ಮೂಳೆಗೂ ಒತ್ತಿ ಹಿಡಿಯುತ್ತೇನೆ. ಬೇರಿಂಗ್ ಎಂದರೆ ತಿರುಗುವ ದಂಡವನ್ನು ಹೊತ್ತು ನಿಂತ, ಗುಂಡುಗಳು ತುಂಬಿದ ಉಕ್ಕಿನ ಬಳೆ. ಅದು ಆರೋಗ್ಯವಾಗಿದ್ದರೆ ಜುಯ್ಯೆಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಕೆಟ್ಟಿದ್ದರೆ ಹಲ್ಲು ಕಡಿಯುತ್ತದೆ. ಹಲ್ಲು ಕಡಿಯದಿದ್ದರೆ ನಾನು ರಿಜಿಸ್ಟರಿನಲ್ಲಿ ‘ಶಬ್ದ ಸರಿಯಿದೆ’ ಎಂದು ಬರೆದು ಸಹಿ ಹಾಕುತ್ತೇನೆ. ಹನ್ನೊಂದು ವರ್ಷದಿಂದ ನಾನು ಬರೆದಿರುವ ವಾಕ್ಯ ಅದೊಂದೇ.

ಈ ಹನ್ನೊಂದು ವರ್ಷವೇ ನನ್ನ ಭಯಕ್ಕೆ ಕಾರಣವಾಯಿತು. ಇಷ್ಟು ದಿನ ಎಲ್ಲವೂ ಸರಿಯಿದೆ ಎಂದರೆ ಒಂದೋ ಪಂಪುಗಳು ಗಟ್ಟಿ, ಇಲ್ಲವೇ ನನ್ನ ಕಿವಿ ಸುಳ್ಳು. ನಾನು ಸಂಜೆ ಕ್ಲಾಸಿನಲ್ಲಿ ಯಂತ್ರ ನಿರ್ವಹಣೆ ಓದಿ ಸರ್ಟಿಫಿಕೇಟು ಪಡೆದವನು. ಪಾಸಾದಾಗ, ಅದು ನನ್ನದೇ ನೋಂದಣಿ ಸಂಖ್ಯೆ ತಾನೇ ಎಂದು ಕಚೇರಿಗೆ ಹೋಗಿ ಎರಡು ಸಲ ವಿಚಾರಿಸಿದ್ದೆ. ಆ ಕ್ಲಾಸಿನ ಮೇಷ್ಟ್ರ ಹತ್ತಿರವೇ ಹೋಗಿ ನನ್ನ ಅನುಮಾನ ತೋಡಿಕೊಂಡೆ. ಒಳ್ಳೆಯ ಶಬ್ದ ಕೇಳಿ ಕೇಳಿ ನಿನ್ನ ಕಿವಿ ಸೋಮಾರಿಯಾಗಿದೆ, ಕೆಟ್ಟದ್ದನ್ನು ಕೇಳಬೇಕು, ಇಂಡಸ್ಟ್ರಿಯಲ್ ರೆಕಾರ್ಡುಗಳು ಸಿಗುತ್ತವೆ, ಹುಡುಕು ಎಂದರು. ಎಲ್ಲಿ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ದಡ್ಡನೆಂದುಕೊಂಡಾರು ಎಂದು.

ಬಸ್ ನಿಲ್ದಾಣದ ಹಿಂದೆ, ನೆಲಮಾಳಿಗೆಯಲ್ಲಿ, ಹಳೆಯ ಗ್ರಾಮಫೋನ್ ರೆಕಾರ್ಡುಗಳ ಅಂಗಡಿಯೊಂದಿತ್ತು. ಮರುದಿನ ಕೆಲಸ ಮುಗಿಸಿ ಸಲಾಕೆ ಹಿಡಿದುಕೊಂಡೇ ಇಳಿದೆ. ಅಂಗಡಿಯವನು ಕಪ್ಪಂಗಿ ತೊಟ್ಟ, ಎದೆಯವರೆಗೆ ಗಡ್ಡ ಬಿಟ್ಟ ಮನುಷ್ಯ. ರೋಗಿಯ ಮನೆಗೆ ಬಂದ ವೈದ್ಯನ ಹಾಗೆ ಮೆಲ್ಲಗೆ ಮಾತಾಡುತ್ತಿದ್ದ. ಇಂಡಸ್ಟ್ರಿಯಲ್ ಇದೆಯೇ ಎಂದೆ. ಅವನು ನನ್ನನ್ನೂ ಸಲಾಕೆಯನ್ನೂ ನೋಡಿ ಎದ್ದು ನಿಂತ.

“ಯಾವ ತರಹದ್ದು ಬೇಕು ಸಾರ್?”

“ಕೆಟ್ಟದ್ದು.”

“ಎಷ್ಟು ಕೆಟ್ಟದ್ದು?”

“ಇನ್ನೇನು ಒಡೆದು ಹೋಗತ್ತೆ ಅನ್ನೋವಷ್ಟು. ಸಾಧಾರಣದ್ದು ನನಗೆ ದಿನಾ ಸಿಗತ್ತೆ.”

ಅವನ ಕಣ್ಣು ತುಂಬಿ ಬಂತೆಂದು ಕಾಣುತ್ತದೆ. ಬೆಳಕು ಕಮ್ಮಿಯಿತ್ತು, ಖಚಿತವಾಗಿ ಹೇಳಲಾರೆ. ನೀವು ಕಲೆಕ್ಟರಾ ಎಂದು ಕೇಳಿದ. ನಮ್ಮ ಇಲಾಖೆಯಲ್ಲಿ ಕಲೆಕ್ಟರೆಂದರೆ ನೀರಿನ ಬಿಲ್ಲು ವಸೂಲಿ ಮಾಡುವವರು, ನನಗಿಂತ ಒಂದು ಮೆಟ್ಟಿಲು ಮೇಲಿನವರು. ಅವರಿಗೆ ಸೈಕಲ್ ಭತ್ಯೆ ಉಂಟು. ಅಲ್ಲವೆನ್ನಬೇಕಿತ್ತು. ಆದರೆ ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹೂಂ ಎಂದುಬಿಟ್ಟೆ. ಮುಂದಿನ ಅನಾಹುತಗಳನ್ನೆಲ್ಲ ಹಿಂದಕ್ಕೆ ಎಳೆಯುತ್ತಾ ಹೋದರೆ ಈ ‘ಹೂಂ’ ಸಿಗುತ್ತದೆ.

ಅವನು ಕೊಟ್ಟ ಮೊದಲನೆಯ ರೆಕಾರ್ಡಿನ ಹೊದಿಕೆಯ ಮೇಲೆ ತುಕ್ಕು ಹಿಡಿದ ಚಿಮಣಿಯ ಚಿತ್ರವಿತ್ತು. ನನಗೆ ಓದಲು ಬಾರದ ಭಾಷೆಯ ಹೆಸರು. ‘ಕೊನೆಯ ಪಾಳಿ’ ಎಂದು ಅರ್ಥ ಎಂದ. ನಮ್ಮ ಪಂಪ್‌ಹೌಸಿನಲ್ಲಿ ಮೂರು ಪಾಳಿ. ಆ ಹೆಸರು ಕೇಳಿದ್ದೇ ಬೆಲೆ ವಿಚಾರಿಸದೆ ಕೊಂಡುಬಿಟ್ಟೆ.

ಮನೆಯಲ್ಲಿ ಮಾವನವರ ಕಾಲದ ರೆಕಾರ್ಡ್ ಪ್ಲೇಯರು ಇತ್ತು. ನನ್ನ ಪಾಳಿ ಎರಡು ಗಂಟೆಗೆ ಮುಗಿಯುತ್ತದೆ. ನೋಟರಿಯವರ ಕಚೇರಿಯಲ್ಲಿ ಟೈಪಿಸ್ಟಾಗಿರುವ ನನ್ನಾಕೆ ಬರುವುದು ಆರಕ್ಕೆ. ಮೂರರಿಂದ ಐದರವರೆಗೆ ಅಭ್ಯಾಸವೆಂದು ನಿಶ್ಚಯಿಸಿದೆ. ಸ್ಪೀಕರಿನ ಪೆಟ್ಟಿಗೆಗೆ ಸಲಾಕೆಯ ಒಂದು ತುದಿ ಒತ್ತಿ, ಇನ್ನೊಂದನ್ನು ಕಿವಿಯ ಹಿಂದಿಟ್ಟು, ನೋಟುಪುಸ್ತಕದಲ್ಲಿ ಬರೆದುಕೊಂಡೆ. ಆ ಪುಸ್ತಕ ಈಗಲೂ ನನ್ನ ಬಳಿ ಇದೆ, ಇದ್ದಂತೆ ನಕಲು ಮಾಡುತ್ತೇನೆ: ‘ಮೊದಲ ಮಗ್ಗುಲು. ಬೆಲ್ಟ್ ಜಾರುತ್ತಿದೆ. ಎಂಟನೇ ನಿಮಿಷ, ಯಾರೋ ತಗಡಿನ ಮೇಲೆ ಸುತ್ತಿಗೆ ಬೀಳಿಸಿದರು. ಹನ್ನೊಂದನೇ ನಿಮಿಷ, ಮತ್ತೆ ಬೀಳಿಸಿದರು. ಎಚ್ಚರಿಕೆ ಸಾಲದು. ಎರಡನೇ ಮಗ್ಗುಲು. ಬೇರಿಂಗ್ ಒಣಗಿದೆ, ಬಳೆ ಸೀಳಿದೆ. ಕೂಡಲೇ ನಿಲ್ಲಿಸಬೇಕಿತ್ತು. ಯಾಕೆ ನಿಲ್ಲಿಸಲಿಲ್ಲ?’

ಇಪ್ಪತ್ತೆರಡು ನಿಮಿಷ ಆ ಯಂತ್ರ ಹಲ್ಲು ಕಡಿಯಿತು, ಯಾರೂ ಸ್ವಿಚ್ಚಿನ ಹತ್ತಿರ ಹೋಗಲಿಲ್ಲ. ಆ ಕಾರ್ಖಾನೆಯವರ ಗತಿ ಏನಾಯಿತೋ ಎಂದು ನನಗೆ ಊಟ ಸೇರಲಿಲ್ಲ. ಮರುದಿನ ಅಂಗಡಿಗೆ ಓಡಿ, ಆಮೇಲೆ ಅವರಿಗೆ ಏನಾಯಿತು ಎಂದು ಕೇಳಿದೆ.

“ಎರಡೇ ವರ್ಷ ಸಾರ್, ಒಡೆದು ಹೋದ್ರು,” ಎಂದು ಅವನು ನಿಟ್ಟುಸಿರಿಟ್ಟ. “ಮೂರು ಚೂರು. ಡ್ರಮ್ಮಿನವನೊಬ್ಬ ಎಲ್ಲೋ ಉಳ್ಕೊಂಡಿದಾನೆ ಅಂತಾರೆ.”

ಡ್ರಮ್ಮೆಂದರೆ ಬಾಯ್ಲರಿನ ಡ್ರಮ್ಮು. ಅದರ ಪಕ್ಕದಲ್ಲಿ ನಿಂತವನು ಹೇಗೆ ಉಳಿದನೆಂಬುದೇ ನನಗೆ ಸೋಜಿಗವಾಯಿತು. ಅವರ ಮನೆಯವರಿಗೆ ಏನಾದರೂ ಸಿಕ್ಕಿತೇ ಎಂದೆ. ಏನೂ ಸಿಗಲಿಲ್ಲ, ಇದ್ದಾಗ ಯಾರೂ ಕಿವಿಗೊಡಲಿಲ್ಲ ಎಂದ. ಕಿವಿಗೊಡಲಿಲ್ಲ ಎಂಬ ಮಾತು ನನ್ನ ಕಸುಬಿಗೇ ಬಂದು ತಾಗಿತು.

ಹೀಗೆ ಹೋಗಿ ಬರುತ್ತಾ ನಾನು ಅವನ ಮೂರೂ ಕಪಾಟುಗಳಿಗೆ ಇಳಿದೆ. ಎರಡನೆಯ ಕಪಾಟಿನ ಮೇಲೆ ‘ಡಾರ್ಕ್ ಆಂಬಿಯೆಂಟ್’ ಎಂದು ಬರೆದಿತ್ತು. ಅವುಗಳಲ್ಲಿ ಯಂತ್ರವೇ ಇರಲಿಲ್ಲ. ದೊಡ್ಡ ಖಾಲಿ ಜಾಗದಲ್ಲಿ ಗಾಳಿ ಗುಂಯ್‌ಗುಡುವುದು, ಎಲ್ಲೋ ಒಂದು ಹನಿ ಬೀಳುವುದು, ಹತ್ತು ನಿಮಿಷಕ್ಕೊಮ್ಮೆ ಯಾರೋ ಉಸಿರೆಳೆದುಕೊಳ್ಳುವುದು. ಯಂತ್ರ ಎಲ್ಲಿ ಎಂದು ಕೇಳಿದ್ದಕ್ಕೆ, ಇದು ಎಲ್ಲಾ ಮುಗಿದ ಮೇಲಿನದು ಸಾರ್ ಎಂದ. ಮೂರನೆಯದು ‘ನಿಯೋಫೋಕ್’. ಅದರಲ್ಲಿ ನಾಲ್ಕಾರು ಗಂಡಸರು ಗಿಟಾರು ಮೀಟುತ್ತಾ, ನಗಾರಿ ನಿಧಾನವಾಗಿ ಬಡಿಯುತ್ತಾ, ತಗ್ಗಿದ ದನಿಯಲ್ಲಿ ಹಿಮ, ಒಣಗಿದ ಮರ, ಹಿರಿಯರ ಮೂಳೆ ಮುಂತಾದವನ್ನು ಕುರಿತು ಹಾಡುತ್ತಿದ್ದರು. ಹಾಡಿನ ಅರ್ಥ ಅವನೇ ಹೇಳಿದ್ದು.

ನನಗೆ ತಟ್ಟನೆ ಎಲ್ಲ ಹೊಂದಿಕೊಂಡಿತು. ಮೂರೂ ಕಪಾಟುಗಳು ಒಂದೇ ಅಪಘಾತದ ಮೂರು ಭಾಗಗಳು. ಮೊದಲನೆಯದು ಅಪಘಾತಕ್ಕೆ ಮುಂಚೆ, ಎರಡನೆಯದು ಆದಮೇಲಿನ ಖಾಲಿ ಕಾರ್ಖಾನೆ, ಮೂರನೆಯದು ಉಳಿದ ಕಾರ್ಮಿಕರ ಸಂತಾಪ ಸಭೆ. ಇಷ್ಟು ಕಟ್ಟುನಿಟ್ಟಾಗಿ ದಾಖಲೆ ಇಟ್ಟವರು ಆ ಒಂದು ಸ್ವಿಚ್ಚು ಯಾಕೆ ಆರಿಸಲಿಲ್ಲ ಎಂಬುದೊಂದೇ ಉಳಿಯಿತು. ಒಟ್ಟು ಇಪ್ಪತ್ತಮೂರು ರೆಕಾರ್ಡು ತಂದು ಬೀರುವಿನ ಹಿಂದೆ ಬಚ್ಚಿಟ್ಟೆ. ನನ್ನಾಕೆಗೆ ಹೇಳಲಿಲ್ಲ, ಹೆದರಿಯಾಳು ಎಂದಲ್ಲ, ನಾನು ಹೆದರಿದ್ದೇನೆಂದು ಗೊತ್ತಾದೀತು ಎಂದು.

ಅತ್ತೆಯವರಿಗೆ ಮಾತ್ರ ಗೊತ್ತಿತ್ತು. ಅವರಿಗೆ ಕಿವಿ ಮಂದ. ಮಾತು ಕೇಳಿಸುವುದಿಲ್ಲ, ಕರೆಗಂಟೆ ಕೇಳಿಸುವುದಿಲ್ಲ, ಎಂಟು ವರ್ಷದಿಂದ ಮನೆಯಲ್ಲಿ ಅವರ ಪಾಲಿಗೆ ಎಲ್ಲವೂ ಮೂಕ. ಈ ರೆಕಾರ್ಡುಗಳ ತಳದ ಗುಂಯ್‌ಗಾರ ನೆಲದ ಮೂಲಕ ಕಾಲಿಗೆ ಹತ್ತಿ ಅವರಿಗೆ ಕೇಳಿಸಿತು. ಮೂರು ಗಂಟೆಗೆ ಸರಿಯಾಗಿ ಕುರ್ಚಿ ಎಳೆದುಕೊಂಡು, ಚಪ್ಪಲಿ ಬಿಚ್ಚಿ, ಪಾದ ನೆಲಕ್ಕೆ ಊರಿ ಕೂರತೊಡಗಿದರು. ತಡವಾದರೆ ನನ್ನನ್ನು ಕಣ್ಣಲ್ಲೇ ಗದರುತ್ತಿದ್ದರು.

ನೆಲದ ಮೂಲಕ ಅವರಿಗೆ ಕೇಳಿಸಿದ್ದು ನೆಲದ ಕೆಳಗಿನವರಿಗೂ ಕೇಳಿಸುತ್ತದೆ ಎಂಬುದು ಯಂತ್ರ ನಿರ್ವಹಣೆ ಓದಿದ ನನಗೆ ಹೊಳೆಯಲಿಲ್ಲ.

ನಮ್ಮ ಕಟ್ಟಡ ಇರುವುದು ಮೇಲಿನ ಬಡಾವಣೆಯಲ್ಲಿ. ಅದಕ್ಕೆ ಮೂರು ಮಹಡಿ, ಆರು ಮನೆ. ನಮ್ಮ ಕೆಳಗೇ ಇರುವವರು ಒಬ್ಬ ಟೈಲರು. ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯೂ ಅವರೇ. ದಿನಾ ಮೂರಾಗುತ್ತಲೇ ಅವರ ಹೊಲಿಗೆ ಮಷೀನಿನ ಮೇಲಿನ ಸೂಜಿಡಬ್ಬಿ ತಾನಾಗಿ ನಡೆಯತೊಡಗುತ್ತಿತ್ತಂತೆ. ಯಾರದೋ ಮದುವೆಯ ಪ್ಯಾಂಟು ಒಂದು ಕಾಲು ಗಿಡ್ಡವಾಗಿ, ಗಿರಾಕಿ ಅಲ್ಲೇ ಕೂತು ಅತ್ತನಂತೆ. ಮೊದಲು ಅವರು ತಮ್ಮ ಫ್ರಿಜ್ಜಿನ ಮೇಲೆ ಅನುಮಾನಪಟ್ಟು ರಿಪೇರಿಯವನನ್ನು ಕರೆಸಿದರು. ಅವನು ಫ್ರಿಜ್ಜು ಬಿಚ್ಚಿ, ಏನೂ ಸಿಗದೆ, ಎದುರು ಮನೆಯದಿರಬೇಕು ಎಂದ. ಎದುರು ಮನೆಯದನ್ನು ಬಿಚ್ಚಿ, ಕೆಳಗಿನದಿರಬೇಕು ಎಂದ. ಹೀಗೆ ನಾಲ್ಕು ಫ್ರಿಜ್ಜು ಬಿಚ್ಚಿದ ಮೇಲೆ, ಇದು ಫ್ರಿಜ್ಜಿನ ರೋಗವಲ್ಲ, ಕಟ್ಟಡದ ರೋಗ ಎಂದು ಹೇಳಿ ಹೋದ. ಆ ಮಾತಿನಿಂದ ಆರು ಮನೆಯವರ ನೆಮ್ಮದಿ ಕೆಟ್ಟಿತು. ಒಬ್ಬರು ಗೋಡೆಯ ಗಡಿಯಾರ ಇಳಿಸಿ ಮಂಚದ ಮೇಲೆ ಮಲಗಿಸಿದರು. ಕೆಳಗಿನ ಮನೆಯ ಒಂಟಿ ಮುದುಕರು ನನ್ನಾಕೆಯ ಕಚೇರಿಗೇ ಹೋಗಿ ವಿಲ್ಲು ಟೈಪು ಮಾಡಿಸಿಕೊಂಡು ಬಂದರು.

ಕಟ್ಟಡಕ್ಕೆ ಕೇಳದ ಶಬ್ದ ಹಿಡಿದಿದೆ, ನಮ್ಮಲ್ಲೇ ಕಿವಿಯವರು ಒಬ್ಬರಿದ್ದಾರೆ. ಅವರು ಮತ್ತೆಲ್ಲಿಗೆ ಹೋಗುತ್ತಾರೆ? ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಐದು ಜನ ಮೆಟ್ಟಿಲು ಹತ್ತಿ ಬರುವ ಸದ್ದಾಯಿತು. ನಾನು ಸೂಜಿ ಎತ್ತಿ, ಪ್ಲೇಯರಿನ ಮೇಲೆ ಮೇಜುಬಟ್ಟೆ ಎಳೆದೆ. ಕುರ್ಚಿಯಲ್ಲಿದ್ದ ಅತ್ತೆ, ಕಿವಿ ಮಂದದವರು ಮಾತಾಡುವಷ್ಟು ಗಟ್ಟಿಯಾಗಿ, “ಯಾಕೆ ನಿಲ್ಲಿಸಿದ್ರಿ ಅಳಿಯಂದಿರೇ, ಈಗ ತಾನೆ ಚೆನ್ನಾಗಿ ಬರ್ತಿತ್ತು” ಎಂದರು. ಬಂದವರು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅವರಿಗೆ ಅವರದೇ ಭಯ.

ನೀವು ಬಂದು ಕೇಳಿ ಹೇಳಬೇಕು, ನಮಗೆ ಇನ್ಯಾರೂ ಗತಿಯಿಲ್ಲ ಎಂದು ಟೈಲರು ಕೈ ಹಿಡಿದುಕೊಂಡರು. ಆಗ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ, ಬಿಚ್ಚಿದ ನಾಲ್ಕು ಫ್ರಿಜ್ಜು, ಗಿಡ್ಡವಾದ ಪ್ಯಾಂಟು, ಮುದುಕರ ವಿಲ್ಲು ಎಲ್ಲ ಕಣ್ಣೆದುರು ಸಾಲುಗಟ್ಟಿ ನಿಂತವು, ಬಾಯಿ ಮುಚ್ಚಿ ಸಲಾಕೆ ಕೈಗೆ ತೆಗೆದುಕೊಂಡೆ. ಮೂರು ಮಹಡಿಯ ಗೋಡೆಗಳಿಗೂ ಸಲಾಕೆ ಒತ್ತಿ ಕೇಳಿದೆ. ಐವರೂ ಉಸಿರು ಬಿಗಿಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಬಂದರು. ಗೋಡೆಯೊಳಗೆ ಕೇಳಿಸಿದ್ದು ನನ್ನ ಎದೆಬಡಿತವೊಂದೇ.

“ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ,” ಎಂದೆ. ಆರಂಭದಲ್ಲೇ ಒಂದು ಸುಳ್ಳಿದೆ ಎಂದೆನಲ್ಲ, ಅದು ಇದೇ.

ಟೈಲರ ಮುಖ ಅರಳಿತು. ಆದರೆ ಅವರು ಕಾರ್ಯದರ್ಶಿ, ಅಷ್ಟಕ್ಕೆ ಬಿಡುವವರಲ್ಲ. “ಗಾಳಿ ಎಲ್ಲಿಂದ ಬಂತು?”

“ಮೇಲಿಂದ.”

“ಮೇಲಿಂದ ಅಂದ್ರೆ, ನಿಮ್ಮ ಮನೆಯಿಂದಾನಾ?”

“ಇಲ್ಲ ಇಲ್ಲ. ಇನ್ನೂ ಮೇಲಿಂದ. ಪಂಪ್‌ಹೌಸಿಂದ.”

ಪಂಪ್‌ಹೌಸು ಇರುವುದು ನಮಗಿಂತ ಕೆಳಗೆ, ಆದರೆ ನಾಲಿಗೆಗೆ ಸಿಕ್ಕಿದ್ದು ಅದು. ಸಂಜೆಯೊಳಗೆ ಟೈಲರು ಇಲಾಖೆಗೆ ದೂರು ಬರೆದರು: ಮೇಲಿನ ಬಡಾವಣೆಗೆ ನೀರೆತ್ತುವ ಪಂಪು ಗಾಳಿ ಕುಡಿಯುತ್ತಿದೆ, ಕಟ್ಟಡ ನಡುಗುತ್ತಿದೆ, ತಜ್ಞರು ಪರೀಕ್ಷಿಸಿ ಹೇಳಿದ್ದಾರೆ. ಎಲ್ಲ ಮನೆಯವರೂ ಸಹಿ ಹಾಕಬೇಕು ಎಂದರು. ನಾನೂ ಒಬ್ಬ ನಿವಾಸಿ. ಹಾಕದಿದ್ದರೆ ಅನುಮಾನ ಬರುತ್ತದೆ. ಹಾಕಿದೆ.

ಮೂರನೆಯ ದಿನ ಇಂಜಿನಿಯರ್ ಮೇಡಂ ನನ್ನನ್ನು ಕರೆಸಿದರು. ಮೇಜಿನ ಮೇಲೆ ಎಡಗಡೆ ದೂರು, ಬಲಗಡೆ ರಿಜಿಸ್ಟರು. ಅವರು ಎಂದೂ ದನಿ ಏರಿಸುವವರಲ್ಲ, ಅದಕ್ಕೇ ಎಲ್ಲರಿಗೂ ಅವರೆಂದರೆ ಭಯ.

“ದೂರಿನಲ್ಲಿ ಆರನೇ ಸಹಿ ನಿಮ್ಮದಾ?”

“ಹೌದು ಮೇಡಂ.”

“ರಿಜಿಸ್ಟರಲ್ಲಿ ‘ಶಬ್ದ ಸರಿಯಿದೆ’ ಅನ್ನೋದರ ಕೆಳಗಿನ ಸಹಿ?”

“ಅದೂ ನಂದೇ ಮೇಡಂ.”

“ಒಂದೇ ದಿನ. ಬೆಳಿಗ್ಗೆ ಸರಿಯಿದೆ, ಸಂಜೆ ಕಟ್ಟಡ ನಡುಗ್ತಿದೆ.”

“ಎರಡೂ ನಾನೇ ಕೇಳಿದ್ದು ಮೇಡಂ,” ಎಂದೆ. ಇದನ್ನು ಯಾಕೆ ಹೇಳಿದೆನೋ ಇಂದಿಗೂ ತಿಳಿಯದು.

ಅವರು ದೂರನ್ನು ರಿಜಿಸ್ಟರಿನ ಪಕ್ಕಕ್ಕೆ ಸರಿಸಿದರು. “ಎರಡು ಕಿವಿಯಲ್ಲಿ ಒಂದು ಸುಳ್ಳು ಹೇಳ್ತಿದೆ. ಯಾವುದು ಅಂತ ನಾಳೆ ಹತ್ತು ಗಂಟೆಗೆ ಬರೆದುಕೊಡಿ. ಮೂರನೇ ಪಂಪು ನಿಲ್ಲಿಸಬೇಕು ಅಂದ್ರೆ ನಿಲ್ಲಿಸ್ತೀನಿ. ಒಂದನೇದು ಆಗಲೇ ಬಿಚ್ಚಿಟ್ಟಿದೆ, ಎರಡನೇದಕ್ಕೆ ಅಷ್ಟು ಎತ್ತರ ಏರಿಸೋ ಶಕ್ತಿಯಿಲ್ಲ. ಮೇಲಿನ ಬಡಾವಣೆಗೆ ನೀರಿರಲ್ಲ. ನಿಲ್ಲಿಸಿ, ಬಿಚ್ಚಿ, ಏನೂ ಇಲ್ಲ ಅಂದ್ರೆ ನೀವು ಹಳೇ ಕಡತಗಳ ಕೋಣೆಗೆ. ಅಲ್ಲಿ ಶಬ್ದ ಇರಲ್ಲ.”

ಸುಮ್ಮನೆ ಹೋಗಿ ಪಂಪು ಕೇಳಿ, ಜುಯ್ಯೆನ್ನುತ್ತದೆ, ದೂರು ನನ್ನ ತಪ್ಪು ಎಂದು ಬರೆದರಾಯಿತು ಎಂದುಕೊಂಡು ನೇರ ಮೂರನೇ ಪಂಪಿನ ಹತ್ತಿರ ಹೋದೆ. ಅಲ್ಲಿ ಎಣ್ಣೆಯಣ್ಣ ಇದ್ದ. ಎಣ್ಣೆ ಹಾಕುವುದೂ ಬಿಚ್ಚಿ ಜೋಡಿಸುವುದೂ ಅವನದೇ ಕೆಲಸ. ಮೊಣಕೈಯವರೆಗೆ ತೋಳು ಮಡಚಿ, ತಿರುಗುವ ದಂಡಕ್ಕೂ ಬೇರಿಂಗಿನ ಪೆಟ್ಟಿಗೆಗೂ ನಡುವಿನ ಗೇಣಗಲ ಸಂದಿಯಲ್ಲಿ ಕೈ ತೂರಿಸಿ, ಹಾಡಿಕೊಳ್ಳುತ್ತಾ ಗ್ರೀಸು ತುಂಬುತ್ತಿದ್ದ. ದಿನಕ್ಕೆ ಎರಡು ಸಲ ಆ ಕೈ ಆ ಸಂದಿಯಲ್ಲಿ ಇರುತ್ತದೆ. ಬಳೆ ಸೀಳಿ ದಂಡ ಕುಸಿದರೆ ಆ ಸಂದಿ ಉಳಿಯುವುದಿಲ್ಲ.

“ಏನು ಕಿವಿಯಣ್ಣಾ, ನಮ್ಮ ಪಂಪಿನ ಮೇಲೆ ನೀನೇ ಅರ್ಜಿ ಹಾಕಿದೀಯಂತೆ,” ಎಂದ. “ಮನೇಲಿ ಜಗಳ ಆಡಿದ್ರೆ ಇಲ್ಲಿ ತೀರಿಸ್ಕೋತೀಯಾ?”

ನಾನು ಸಲಾಕೆ ಒತ್ತಿದೆ. ಬೆಳಿಗ್ಗೆ ಜುಯ್ಯೆಂದಿದ್ದ ಪಂಪು ಈಗ ಜುಯ್ಯೆನ್ನಲಿಲ್ಲ. ಮೂರು ಸುತ್ತಿಗೊಮ್ಮೆ ಹಲ್ಲು ಕಡಿಯಿತು. ಒಣ ಕಟಕಟ, ಅದರ ಹಿಂದೆ ಒಂದು ಸಣ್ಣ ಕೂಗು. ಅದು ನನಗೆ ಬಾಯಿಪಾಠವಾಗಿದ್ದ ಶಬ್ದ: ‘ಕೊನೆಯ ಪಾಳಿ’, ಎರಡನೇ ಮಗ್ಗುಲು, ಆರನೇ ನಿಮಿಷ.

ಎಣ್ಣೆಯಣ್ಣನಿಗೆ ಕೈ ತೆಗೆ ಎಂದೆ. ಯಾಕೆ ಎಂದ. ಗೊತ್ತಿಲ್ಲ ಎಂದೆ. ಗೊತ್ತಿಲ್ಲದೆ ತೆಗೆದರೆ ಗ್ರೀಸು ಯಾರು ತುಂಬುತ್ತಾರೆ ಎಂದು ಅವನು ಮತ್ತೆ ಹಾಡತೊಡಗಿದ. ಇದು ನಿಜವಾಗಿ ಪಂಪಿನಲ್ಲಿದೆಯೇ, ಎರಡು ತಿಂಗಳು ಕೇಳಿ ಕೇಳಿ ನನ್ನ ಮೂಳೆಗೇ ಅಂಟಿಕೊಂಡಿದೆಯೇ? ಈ ಶಬ್ದ ಬಲ್ಲವನು ಊರಿನಲ್ಲಿ ಇನ್ನೊಬ್ಬನೇ. ಓಡಿಹೋಗಿ ರೆಕಾರ್ಡಂಗಡಿಯವನನ್ನು ಬಾಗಿಲು ಹಾಕಿಸಿ ಕರೆತಂದೆ. ಗೇಟಿನವನು ಯಾರಿದು ಎಂದಾಗ ತಜ್ಞರು ಎಂದೆ. ಗಡ್ಡ ನೋಡಿ ಅವನು ನಂಬಿದ.

ಅಂಗಡಿಯವನು ಸಲಾಕೆ ಕಿವಿಗಿಟ್ಟು ಕಣ್ಣು ಮುಚ್ಚಿದ. ಒಂದು ನಿಮಿಷವಾಯಿತು, ಎರಡಾಯಿತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ಕಣ್ಣು ತೆರೆದು, ಬಹಳ ಮೆಲ್ಲಗೆ, ಅದ್ಭುತ ಎಂದ.

“ಅದ್ಭುತ ಅಂದ್ರೆ? ಅದೇ ಶಬ್ದ ತಾನೇ? ಒಡೆದು ಹೋದವರದ್ದು?”

“ಅದೇ ಸಾರ್. ಅವರಿಗಿಂತ ಚೆನ್ನಾಗಿದೆ. ಅವರು ಪಾಪ, ಸೈಕಲ್ ಚಕ್ರ ತಿರುಗಿಸಿ ಅದರ ಮೇಲೆ ಪಿಟೀಲಿನ ಕಮಾನು ಎಳೆದಿದ್ರು.”

ನಾನು ಅರ್ಥವಾಗಲಿಲ್ಲ ಎಂದೆ. ಅವನು ವಿವರಿಸಿದ. ಇಂಡಸ್ಟ್ರಿಯಲ್ ಎಂಬುದೂ ಉಳಿದೆರಡು ಕಪಾಟಿನ ಹೆಸರುಗಳೂ ಸಂಗೀತದ ಬಗೆಗಳು. ಬೇಕೆಂದೇ ಹಾಗೆ ಮಾಡಿದ್ದು. ಮೂವರು ಗೆಳೆಯರು ಒಂದು ಕೋಣೆಯಲ್ಲಿ ಕೂತು ತಗಡು ಬಡಿದು, ಚಕ್ರ ಉಜ್ಜಿ, ನಡುನಡುವೆ ಕಾಫಿ ಕುಡಿದು ರೆಕಾರ್ಡು ಮಾಡಿದ್ದು. ಒಡೆದು ಹೋದದ್ದು ತಂಡ. ಡ್ರಮ್ಮಿನವನೆಂದರೆ ಡ್ರಮ್ಮು ಬಾರಿಸುವವನು. ಈಗ ಬೇಕರಿ ಇಟ್ಟಿದ್ದಾನಂತೆ. ಖಾಲಿ ಕಾರ್ಖಾನೆ ಒಬ್ಬನ ಸ್ನಾನದ ಮನೆ. ಸಂತಾಪ ಸಭೆಯಲ್ಲಿ ಯಾರೂ ಸತ್ತಿರಲಿಲ್ಲ. ಕಲೆಕ್ಟರೆಂದರೆ ಇಂಥವನ್ನು ಸಂಗ್ರಹಿಸುವವನು. ಇಡೀ ಊರಿನಲ್ಲಿ ನನ್ನಷ್ಟು ಗಂಭೀರವಾಗಿ ಸಂಗ್ರಹಿಸಿದವರು ಇಲ್ಲ ಎಂದು ಅವನು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದ. ಆಮೇಲೆ, ಈ ಪಂಪನ್ನು ರೆಕಾರ್ಡು ಮಾಡಿಕೊಳ್ಳಲು ಅನುಮತಿ ಯಾರ ಹತ್ತಿರ ಕೇಳಬೇಕು ಎಂದ.

ಎಣ್ಣೆಯಣ್ಣ ಕೈಯನ್ನು ಸಂದಿಯಲ್ಲೇ ಇಟ್ಟುಕೊಂಡು, “ನನ್ನ ಹಾಡೂ ಸೇರ್ಸ್ಕೊಳ್ಳಿ ಸ್ವಾಮಿ” ಎಂದ.

ಆ ಮೂವರೂ ಬದುಕಿದ್ದಾರೆಂದು ನನಗೆ ಸಂತೋಷವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆದರೆ ನಾನು ಎರಡು ತಿಂಗಳು ಸೀಳಿದ ಬೇರಿಂಗೆಂದು ಕಲಿತದ್ದು ಸೈಕಲ್ ಚಕ್ರ. ಈಗ ಮೂರನೇ ಪಂಪಿನಲ್ಲಿ ನನಗೆ ಕೇಳಿಸುತ್ತಿರುವುದು ಸೈಕಲ್ ಚಕ್ರ. ಇದರಿಂದ ಪಂಪಿನ ವಿಷಯ ಏನು ತಿಳಿಯುತ್ತದೆ ಎಂದು ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದರೆ ನನ್ನಾಕೆ ಬೇಗ ಬಂದಿದ್ದಳು. ಮುದುಕರ ವಿಲ್ಲು ಟೈಪು ಮಾಡಿದಾಗಿನಿಂದ ಅವಳಿಗೆ ಮನಸ್ಸಿನಲ್ಲಿ ಕೊರೆಯುತ್ತಿತ್ತಂತೆ. ಬೀರು ಸರಿಸಿದ್ದಳು. ಇಪ್ಪತ್ತಮೂರು ಹೊದಿಕೆಗಳನ್ನೂ ಮಂಚದ ಮೇಲೆ ಹರಡಿದ್ದಳು: ಚಿಮಣಿ, ತಲೆಬುರುಡೆ, ಮಂಜು, ಮುಖವಿಲ್ಲದ ಸನ್ಯಾಸಿಗಳು, ಎಲೆಯಿಲ್ಲದ ಮರಗಳು. ನೋಟುಪುಸ್ತಕ ಅವಳ ಕೈಯಲ್ಲಿತ್ತು.

“ರೀ, ನೀವು ಏನಕ್ಕೆ ಸೇರ್ಕೊಂಡಿದೀರಾ, ನಿಜ ಹೇಳಿ,” ಎಂದಳು. ಪುಟ ಮಗುಚಿ ಓದಿದಳು. “‘ಒಬ್ಬನು ಒಳಗೇ ಉಳಿದಿದ್ದಾನೆ, ಉಸಿರಾಡುತ್ತಿದ್ದಾನೆ.’ ಯಾರು ರೀ ಅದು? ‘ಮೂವರೂ ಚೂರು.’ ಯಾವ ಮೂವರು?”

ಒಬ್ಬ ಬೇಕರಿ ಇಟ್ಟಿದ್ದಾನೆ ಎಂದೆ. ಅದರಿಂದ ಅವಳ ಹೆದರಿಕೆ ಹೆಚ್ಚಾಯಿತು. ಆಮೇಲೆ ಮೊದಲಿನಿಂದ ಎಲ್ಲ ಹೇಳಿದೆ: ಮೇಷ್ಟ್ರು, ಹೂಂ, ಫ್ರಿಜ್ಜು, ಗಾಳಿ, ಆರನೇ ಸಹಿ, ಸೈಕಲ್ ಚಕ್ರ. ಅವಳು ಮಧ್ಯದಲ್ಲಿ ಎರಡು ಸಲ ನಕ್ಕಳು, ಒಂದು ಸಲ ಮುಖ ಮುಚ್ಚಿಕೊಂಡಳು. ಈಗ ನಿಲ್ಲಿಸಿ ಎಂದು ಬರೆದು ಏನೂ ಸಿಗದಿದ್ದರೆ ಕಡತಗಳ ಕೋಣೆ, ಸರಿಯಿದೆ ಎಂದು ಬರೆದರೆ ಸಲಾಕೆ ಉಳಿಯುತ್ತದೆ, ನನ್ನ ಕಿವಿಯ ಮೇಲೆ ನನಗೇ ನಂಬಿಕೆಯಿಲ್ಲ, ಏನು ಮಾಡಲಿ ಎಂದೆ.

“ಎಣ್ಣೆಯಣ್ಣನ ಕೈ ಎಲ್ಲಿರತ್ತೆ?” ಎಂದಳು.

“ಬೇರಿಂಗ್ ಪಕ್ಕ. ಗೇಣಗಲ ಸಂದಿ.”

“ಹಾಗಾದ್ರೆ ನಿಮ್ಮ ಕಿವಿ ವಿಷಯ ಆಮೇಲೆ ನೋಡೋಣ,” ಎಂದು ಹೊದಿಕೆಗಳನ್ನು ಒಂದೊಂದಾಗಿ ಎತ್ತಿಡತೊಡಗಿದಳು.

ಮರುದಿನ ಹತ್ತು ಗಂಟೆಗೆ ಏಳು ನಿಮಿಷ ಇರುವಾಗ ರಿಜಿಸ್ಟರಿನಲ್ಲಿ ‘ನಿಲ್ಲಿಸಿ’ ಎಂದು ಬರೆದೆ. ಹನ್ನೊಂದು ವರ್ಷದಲ್ಲಿ ಆ ಪುಸ್ತಕದಲ್ಲಿ ಬರೆದ ಎರಡನೆಯ ವಾಕ್ಯ. ಅಕ್ಷರ ಎಷ್ಟು ನಡುಗಿತ್ತೆಂದರೆ ಮೇಡಂ ಅದನ್ನು ‘ನಿಲ್ಲಲಿ’ ಎಂದು ಓದಿ, ಯಾರು ನಿಲ್ಲಲಿ ಎಂದು ಕೇಳಿದರು.

ಪಂಪು ನಿಂತಿತು. ಒಂದೂವರೆ ದಿನ ಮೇಲಿನ ಬಡಾವಣೆಯಲ್ಲಿ ಕೊಳಾಯಿಗಳು ಒಣಗಿದವು. ಬಕೆಟ್ ಹಿಡಿದು ಕೆಳಗಿನ ಬೀದಿಗೆ ಇಳಿಯುವವರೆಲ್ಲ ಇಲಾಖೆಯನ್ನು ಬೈಯುತ್ತಿದ್ದರು. ನಮ್ಮ ಕಟ್ಟಡದವರು ಮಾತ್ರ ಬೈಯಲಿಲ್ಲ. ಟೈಲರು ಎರಡೂ ಕೈಯಲ್ಲಿ ಬಕೆಟ್ ಹಿಡಿದು, ಇದು ನಮ್ಮ ದೂರಿನ ಮೇಲೆ ನಡೆದ ಕ್ರಮ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದರು. ರೆಕಾರ್ಡು ಹಾಕುವುದನ್ನು ನಾನು ಬಿಟ್ಟಿದ್ದರಿಂದ ಕಟ್ಟಡ ನಡುಗುವುದೂ ನಿಂತಿತ್ತು. ನನಗೆ ಅವರ ಬಕೆಟ್ ನೋಡಿ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಅಡ್ಡಗಟ್ಟಿ, ಅದು ಗಾಳಿಯಲ್ಲ, ನನ್ನ ರೆಕಾರ್ಡು, ಒಂದು ಬಗೆಯ ಸಂಗೀತ ಎಂದು ಒಪ್ಪಿಕೊಂಡೆ.

ಅವರು ಬಕೆಟ್ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. “ನಾಲ್ಕು ಫ್ರಿಜ್ಜು ಬಿಚ್ಚಿಸಿದೀವಿ ಸ್ವಾಮಿ. ಸಂಘದ ಪುಸ್ತಕದಲ್ಲಿ ಗಾಳಿ ಅಂತ ಬರೆದಾಗಿದೆ. ಈಗ ಸಂಗೀತ ಅಂದ್ರೆ ನನ್ನ ಮುಖ ಎಲ್ಲಿಡ್ಲಿ? ನೀವು ದಣಿದಿದೀರಾ, ಹೋಗಿ ಮಲಗಿ.” ಇಷ್ಟು ಹೇಳಿ ಬಕೆಟ್ ಎತ್ತಿಕೊಂಡು ಒಳಗೆ ಹೋದರು. ಅಲ್ಲಿಗೆ ನನ್ನ ತಪ್ಪೊಪ್ಪಿಗೆ ಮುಗಿಯಿತು. ಇನ್ನೊಮ್ಮೆ ಹೇಳುವ ಧೈರ್ಯ ಇಂದಿನವರೆಗೆ ಬಂದಿಲ್ಲ.

ಪಂಪು ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೇಡಂ ಕುರ್ಚಿ ತರಿಸಿಕೊಂಡು ಕೂತಿದ್ದರು. ಎಣ್ಣೆಯಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆಲ್ಲ ಗ್ರೀಸು, ಏನೂ ಕಾಣದು. ಬಳೆ ದಂಡಕ್ಕೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಮೂರು ಕಾಲಿನ ಎಳೆಯುವ ಸಾಧನ ಸಿಕ್ಕಿಸಿ, ಒಂದು ಕಾಲು ಗೋಡೆಗೆ ಒದ್ದು, ಹಾಡುತ್ತಾ ಎಳೆದ. ಟಕ್ಕೆಂದಿತು. ಬಳೆ ಎರಡು ತುಂಡಾಗಿ ಅವನ ಮಡಿಲಿಗೆ ಬಿತ್ತು.

ಮೇಡಂ ಕುರ್ಚಿಯಿಂದ ಎದ್ದು ಬಂದು ಕೇಳಿದರು: ಮುರಿದಿತ್ತೋ, ಈಗ ಮುರಿಯಿತೋ?

ಎಣ್ಣೆಯಣ್ಣ ಎರಡೂ ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ತಲೆ ಕೆರೆದುಕೊಂಡ, ಕೂದಲಿಗೆಲ್ಲ ಗ್ರೀಸಾಯಿತು. “ಮುರಿದಿದ್ದನ್ನ ಎಳೆದೆನೋ, ಎಳೆದಾಗ ಮುರೀತೋ. ನಾನು ಹಾಡ್ತಾ ಇದ್ದೆ ಮೇಡಂ.”

ಮೇಡಂ ನನ್ನ ಕಡೆ ತಿರುಗಿದರು. ಟಕ್ಕೆಂದದ್ದನ್ನು ಕೇಳಿದೆ, ಆದರೆ ಹೊಸ ಮುರಿತದ ಟಕ್ಕೋ ಹಳೆಯ ತುಂಡುಗಳು ಬೇರೆಯಾದ ಟಕ್ಕೋ ಎಂದು ಹೇಳುವ ಕಿವಿ ನನಗಿರಲಿಲ್ಲ. ಗೊತ್ತಾಗಲಿಲ್ಲ ಎಂದೆ. ಅವರು ಕಡತದಲ್ಲಿ ‘ಮುರಿದ ಬೇರಿಂಗ್ ಕಂಡುಬಂದಿದೆ’ ಎಂದು ಬರೆದರು. ಅದು ಸುಳ್ಳಲ್ಲ. ಮುಂದಿನ ವಾರ ನನಗೆ ಮೆಚ್ಚುಗೆ ಪತ್ರ ಬಂತು. ಕಡತಗಳ ಕೋಣೆಯ ಮಾತು ಮತ್ತೆ ಬರಲಿಲ್ಲ.

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಎರಡೂ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಸಂಜೆ ಕ್ಲಾಸಿಗೆ ಒಯ್ದು ಮೇಷ್ಟ್ರ ಮುಂದಿಟ್ಟೆ. ಹಳೆಯ ಬಿರುಕಾದರೆ ಒಳಮೈ ಕಪ್ಪಾಗಿರಬೇಕು, ಹೊಸದಾದರೆ ಹೊಳೆಯಬೇಕು ಎಂದು ಹೇಳಿ ಅವರು ಭೂತಗನ್ನಡಿ ಹಿಡಿದು ನೋಡಿದರು. ಒಂದು ಕಡೆ ಅರ್ಧ ಕಪ್ಪಿತ್ತು, ಅರ್ಧ ಹೊಳೆಯುತ್ತಿತ್ತು. ಕಪ್ಪು ಬಿರುಕಿನದೋ ಗ್ರೀಸಿನದೋ ನೋಡಲು ಒರೆಸಿದರು. ಒರೆಸಿದ ಮೇಲೆ ಎಲ್ಲ ಒಂದೇ ಬಣ್ಣವಾಯಿತು. ಒರೆಸಬಾರದಿತ್ತು ಎಂದು ಅವರೇ ಹೇಳಿದರು.

ಇಷ್ಟೇ ನನಗೆ ತಿಳಿದಿರುವುದು. ಆ ಬಳೆ ಸೀಳಿತ್ತೋ ಇಲ್ಲವೋ, ಆ ದಿನ ಕೇಳಿಸಿದ್ದು ಪಂಪೋ ಸೈಕಲ್ ಚಕ್ರವೋ ನನಗೆ ಗೊತ್ತಿಲ್ಲ. ಹೇಳಬಲ್ಲವರು ಯಾರೂ ಸಿಕ್ಕಿಲ್ಲ. ಎಣ್ಣೆಯಣ್ಣ ಈಗಲೂ ದಿನಕ್ಕೆ ಎರಡು ಸಲ ಆ ಸಂದಿಯಲ್ಲಿ ಕೈ ತೂರಿಸಿ ಗ್ರೀಸು ತುಂಬುತ್ತಾನೆ. ಅವನಿಗೆ ಎರಡೂ ಕೈಗಳಿವೆ. ಅವು ನಾನು ಬರೆದದ್ದರಿಂದ ಇವೆಯೋ, ಸುಮ್ಮನೆ ಇವೆಯೋ, ಗೊತ್ತಿಲ್ಲ.